ಚರ್ಮದ ಡಾಕ್ಟರು ಕ್ರೀಮಿಗಿಂತ ಹಳಬರು

‘ಚರ್ಮರೋಗ ವಿಭಾಗ ಅನ್ನೋದೇ ಕ್ರೀಮ್ ಕಂಪನಿಗಳು ಹುಟ್ಟಿಸಿದ್ದು, ಮೊದಲು ಅಂಥ ಡಾಕ್ಟರೇ ಇರಲಿಲ್ಲ’ ಎಂಬ ಸಂದೇಶ ಆಗಾಗ ಫಾರ್ವರ್ಡ್ ಆಗಿ ಬರುತ್ತದೆ. ಕ್ರೀಮುಗಳ ಜಾಹೀರಾತು ನೋಡಿದವರಿಗೆ ಇದು ನಿಜ ಅನಿಸುವುದು ಸಹಜ. ಆದರೆ ಇದು ತಪ್ಪು.

ಚರ್ಮದ ಕಾಯಿಲೆಗಳ ಬಗ್ಗೆಯೇ ಬರೆದ ಪುಸ್ತಕವೊಂದು 1572ರಲ್ಲೇ ವೆನಿಸ್‌ನಲ್ಲಿ ಅಚ್ಚಾಗಿತ್ತು. 1801ರಲ್ಲಿ ಪ್ಯಾರಿಸ್‌ನ ಒಂದು ದೊಡ್ಡ ಆಸ್ಪತ್ರೆಯನ್ನು ಚರ್ಮರೋಗಿಗಳಿಗಾಗಿ ಮೀಸಲಿಟ್ಟರು. ನನಗೆ ಜಾಸ್ತಿ ಇಷ್ಟವಾಗುವುದು ಲಂಡನ್ನಿನ ಒಬ್ಬ ವೈದ್ಯರ ಕೆಲಸ. ಆಗ ಒಂದೇ ಕಾಯಿಲೆಗೆ ಊರಿಗೊಂದು ಹೆಸರು. ಅವರು ಕಣ್ಣಿಗೆ ಕಾಣುವುದನ್ನೇ ಆಧಾರ ಮಾಡಿಕೊಂಡರು: ಗುಳ್ಳೆಯಾ, ಕೀವು ತುಂಬಿದೆಯಾ, ಹೊಪ್ಪಳೆ ಏಳುತ್ತದಾ, ಬರೀ ಕಲೆಯಾ? ಹೀಗೆ ಎಂಟು ಗುಂಪು ಮಾಡಿ, 1798ರಿಂದ ಬಣ್ಣದ ಚಿತ್ರಗಳೊಂದಿಗೆ ಕಂತುಗಳಲ್ಲಿ ಪ್ರಕಟಿಸಿದರು. ಇವತ್ತಿನ ಡಾಕ್ಟರು ಕೂಡ ಮೊದಲು ನೋಡುವುದು ಅದನ್ನೇ, ಅಲ್ವಾ?

ಆಗಿನ ಚರ್ಮವೈದ್ಯರಿಗೆ ತಲೆನೋವಾಗಿದ್ದು ಅಂದಚಂದವಲ್ಲ. ಕಜ್ಜಿ, ಕುಷ್ಠ, ಸಿಫಿಲಿಸ್ ಎಂಬ ಲೈಂಗಿಕ ರೋಗ. ಕುಷ್ಠಕ್ಕೆ ಕಾರಣವಾದ ಬ್ಯಾಕ್ಟೀರಿಯಾ ನಾರ್ವೆಯಲ್ಲಿ ಪತ್ತೆಯಾಗಿದ್ದು 1873ರಲ್ಲಿ. 1889ರಲ್ಲಿ ಚರ್ಮವೈದ್ಯರ ಮೊದಲ ಅಂತರರಾಷ್ಟ್ರೀಯ ಸಮ್ಮೇಳನವೂ ಪ್ಯಾರಿಸ್‌ನಲ್ಲಿ ನಡೆಯಿತು.

ಇಂಥ ಸಂದೇಶ ಬಂದರೆ ಮೊದಲು ಅದರಲ್ಲಿ ಇಸವಿ ಇದೆಯಾ ನೋಡಿ. ಸುಮ್ನೆ ‘ಮೊದಲು’ ಅಂದರೆ ಯಾವಾಗ? ಆಮೇಲೆ ಚರ್ಮವೈದ್ಯಶಾಸ್ತ್ರದ ಇತಿಹಾಸವನ್ನು ಎರಡು ಬೇರೆ ಬೇರೆ ವಿಶ್ವಕೋಶಗಳಲ್ಲಿ ಹುಡುಕಿ. ಹಳೆಯ ವೈದ್ಯಕೀಯ ಪುಸ್ತಕಗಳನ್ನು ಹಲವು ಗ್ರಂಥಾಲಯಗಳು ಸ್ಕ್ಯಾನ್ ಮಾಡಿ ಉಚಿತವಾಗಿ ಇಟ್ಟಿವೆ. ಅಚ್ಚಾದ ವರ್ಷ ಸಾಮಾನ್ಯವಾಗಿ ಮೊದಲ ಪುಟಗಳಲ್ಲೇ ಸಿಗುತ್ತದೆ.