ಜರ್ಮನಿಗೆ ಕೆಲಸಕ್ಕೆ ಬಂದಿರುವ ನಮ್ಮವರಿಗೆ ಒಂದು ಮಾತು

"ಬೆಂಗಳೂರಿಗೆ ಬಂದು ಹತ್ತು ವರ್ಷ ಆಯ್ತು, ಇನ್ನೂ ಕನ್ನಡ ಬರಲ್ಲ" ಅನ್ನೋರನ್ನ ಕಂಡ್ರೆ ನಮಗೆ ಬೇಸರ ಆಗುತ್ತೆ. ಆ ಬೇಸರ ನ್ಯಾಯವಾದದ್ದೇ. ಅದೇ ಪ್ರಶ್ನೆಯನ್ನ ಸ್ಟುಟ್‌ಗಾರ್ಟ್‌ನಲ್ಲಿರುವ ನಾವು ನಮಗೂ ಕೇಳ್ಕೋಬೇಕು.

ಇಲ್ಲಿನ ಕಾರು, ಸಾಫ್ಟ್‌ವೇರ್ ಕಂಪನಿಗಳಿಗೆ ಬರುವ ನಮ್ಮವರಲ್ಲಿ ಬಹಳಷ್ಟು ಜನಕ್ಕೆ ಮೀಟಿಂಗ್, ಮೇಲ್ ಎಲ್ಲ ಇಂಗ್ಲಿಷ್‌ನಲ್ಲೇ ನಡೆದುಹೋಗುತ್ತೆ. "ಮೊದಲು ಪ್ರೊಬೇಷನ್ ಮುಗೀಲಿ, ಭಾಷೆ ಆಮೇಲೆ ನೋಡ್ಕೊಳ್ಳೋಣ" ಅಂತಾರೆ. ಪ್ರೊಬೇಷನ್ ಸಾಮಾನ್ಯವಾಗಿ 6 ತಿಂಗಳು, ಅಷ್ಟರೊಳಗೆ ಎರಡು ವಾರದ ನೋಟಿಸ್ ಕೊಟ್ಟು ಮನೆಗೆ ಕಳಿಸಬಹುದು. ಹಾಗಾಗಿ ಆ ಭಯ ನನಗೆ ಅರ್ಥ ಆಗುತ್ತೆ. ಆದ್ರೆ ಪ್ರೊಬೇಷನ್ ಮುಗಿದ ಮೇಲೆ ಹೊಸ ಪ್ರಾಜೆಕ್ಟು, ಅದಾದ ಮೇಲೆ ಮಗು, ದೊಡ್ಡ ಮನೆ ಹುಡುಕಾಟ. ವರ್ಷಗಳು ಹಾಗೇ ಉರುಳಿ ಹೋಗ್ತವೆ.

ಆಫೀಸಿನ ಇಂಗ್ಲಿಷ್ ಆಫೀಸಿನ ಗೇಟಿನವರೆಗೆ ಮಾತ್ರ. ಹೊಸ ಮನೆಗೆ ಹೋದ ಎರಡು ವಾರದೊಳಗೆ ಆನ್‌ಮೆಲ್ಡುಂಗ್, ಅಂದ್ರೆ ವಿಳಾಸದ ನೋಂದಣಿ ಆಗಬೇಕು. ಅದಕ್ಕೆ ಮನೆ ಓನರ್ ಸಹಿ ಹಾಕಿದ ಕಾಗದ ಬೇಕು. ನೋಂದಣಿ ಆದ್ಮೇಲೆ ಟ್ಯಾಕ್ಸ್ ಐಡಿ ಅಂಚೆಯಲ್ಲಿ ಬರುತ್ತೆ. ಈ ಕಾಗದಗಳನ್ನೆಲ್ಲ ಫೋನ್ ಹಿಡಿದು ಅನುವಾದ ಮಾಡ್ಕೋಬಹುದು, ನಿಜ. ಅಕ್ಕಪಕ್ಕದವರ ಜೊತೆ ಬಾಳೋಕೆ ಫೋನ್ ಸಾಲಲ್ಲ.

ಸ್ಟುಟ್‌ಗಾರ್ಟ್ ಸುತ್ತಲಿನ ಈ ಶ್ವಾಬಿಯನ್ ಸೀಮೆಯಲ್ಲಿ ಕೇರ್‌ವೋಖೆ ಅಂತ ಒಂದು ಪದ್ಧತಿ ಇದೆ. ಬಿಲ್ಡಿಂಗಿನ ಮೆಟ್ಟಿಲು ಗುಡಿಸಿ ಒರೆಸೋದು ಮನೆಮನೆಗೂ ಸರದಿ. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಪುಟ್ಟ ಬೋರ್ಡ್ ನೇತಾಕಿರ್ತಾರೆ. "ಇಷ್ಟು ಬಾಡಿಗೆ ಕೊಟ್ಟು ಕಸಾನೂ ಗುಡಿಸಬೇಕಾ?" ಅಂತ ನಮ್ಮವರು ಗೊಣಗೋದನ್ನ ಕೇಳಿದ್ದೀನಿ. ನನಗಂತೂ ಈ ಊರು ಹತ್ತಿರ ಆಗಿದ್ದು ಆ ಮೆಟ್ಟಿಲ ಮೇಲೆಯೇ. ನನ್ನ ಸರದಿಯ ಶನಿವಾರ ಮೇಲಿನ ಮನೆಯ ಅಜ್ಜಿ ಕೆಳಗಿಳಿದು ಬಂದು, ಕಂಬಿ ಹಿಡ್ಕೊಂಡು ಮಾತಿಗೆ ನಿಂತ್ರು. ಅವರದು ಅಪ್ಪಟ ಶ್ವಾಬಿಯನ್ ಆಡುಮಾತು, ನನ್ನದು ಸಂಜೆ ಕ್ಲಾಸಿನ ಹರಕುಮುರುಕು ಜರ್ಮನ್. ಆದ್ರೂ ಹತ್ತಿರದ ಯಾವ ಮಕ್ಕಳ ಡಾಕ್ಟರು ಹೊಸಬರನ್ನ ತಗೋತಾರೆ ಅಂತ ಅವರಿಂದಲೇ ತಿಳೀತು. ಹೊಸಬರನ್ನ ತಗೊಳ್ಳೋ ಡಾಕ್ಟರನ್ನ ಹುಡುಕೋದು ಎಷ್ಟು ಕಷ್ಟ ಅಂತ ಇಲ್ಲಿರೋ ತಂದೆತಾಯಂದಿರಿಗೆ ಗೊತ್ತು.

ನನ್ನ ನಿಜವಾದ ಸಂಕಟ ಇರೋದು ಕೆಲಸಕ್ಕೆ ಬಂದವರ ಬಗ್ಗೆ ಅಲ್ಲ, ಅವರ ಜೊತೆ ಬಂದವರ ಬಗ್ಗೆ. ಗಂಡನಿಗೋ ಹೆಂಡತಿಗೋ ಆಫೀಸು, ಸಹೋದ್ಯೋಗಿಗಳು ಇರ್ತಾರೆ. ಊರಲ್ಲಿ ಒಳ್ಳೆ ಕೆಲಸ ಬಿಟ್ಟು ಬಂದ ಇನ್ನೊಬ್ಬರು ನವೆಂಬರಿನ ನಾಲ್ಕೂವರೆ ಗಂಟೆಯ ಕತ್ತಲಲ್ಲಿ ಕಿಟಕಿ ಪಕ್ಕ ಒಬ್ಬರೇ. ಕಿಂಡರ್‌ಗಾರ್ಟನ್ ಟೀಚರ್ ಜೊತೆ ಮಾತಾಡಬೇಕಾದೋರು, ಇಲ್ಲಿ ಮತ್ತೆ ಕೆಲಸ ಹುಡುಕಬೇಕಾದೋರು ಅವರೇ. ಮೊದಲು ಕ್ಲಾಸಿಗೆ ಸೇರಬೇಕಾದೋರೂ ಅವರೇ.

ಕನ್ನಡ ಸಂಘ ಬಿಡಿ ಅಂತ ನಾನು ಹೇಳ್ತಿಲ್ಲ. ಫ್ರಾಂಕ್‌ಫರ್ಟ್ ಕಡೆ ರೈನ್-ಮೈನ್ ಕನ್ನಡ ಸಂಘ, ಮ್ಯೂನಿಕ್‌ನಲ್ಲಿ ಸಿರಿಗನ್ನಡಕೂಟ ಇವೆ, ಹೋಗಲೇಬೇಕು. ಜೊತೆಗೆ ಊರಿನ ಒಂದು ಫೆರೈನ್‌ಗೂ, ಅಂದ್ರೆ ಇಲ್ಲಿನವರ ಹವ್ಯಾಸದ ಸಂಘಕ್ಕೂ ಸೇರಿ. ಆಟ, ಹಾಡು, ಚಾರಣ, ತೋಟ, ಏನಾದ್ರೂ ಆಗಲಿ. ಇಲ್ಲಿನ ಜನ ಬೇಗ ಬೆರೆಯಲ್ಲ ಅಂತೀವಿ, ಆದ್ರೆ ಅವರು ಬೆರೆಯೋ ಜಾಗಕ್ಕೆ ನಾವು ಹೋಗಿರೋದಿಲ್ಲ.

ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ತಂದ ಜರ್ಮನ್ ಪಾದ್ರಿ ಮೊಗ್ಲಿಂಗ್ ಹುಟ್ಟಿದ ಬ್ರಾಕನ್‌ಹೈಮ್ ಇಲ್ಲಿಗೆ ಹತ್ತಿರ. 1894ರಲ್ಲಿ ನಮಗೆ ನಿಘಂಟು ಕೊಟ್ಟ ಕಿಟೆಲ್ ಕೊನೆಯುಸಿರೆಳೆದ ಟ್ಯೂಬಿಂಗನ್ ಕೂಡ ಹತ್ತಿರವೇ. ಅವರು ನಮ್ಮ ನಾಡಿಗೆ ಬಂದದ್ದು ಮಿಷನ್ ಕೆಲಸಕ್ಕೆ, ಆದ್ರೂ ನಮ್ಮ ಭಾಷೆಯನ್ನ ಎಷ್ಟು ಆಳಕ್ಕೆ ಕಲಿತ್ರು ನೋಡಿ. ನಮ್ಮಿಂದ ಯಾರೂ ನಿಘಂಟು ಕೇಳ್ತಿಲ್ಲ, ದಿನನಿತ್ಯದ ಮಾತುಕತೆ ನಿಭಾಯಿಸೋ ಬಿ1 ಮಟ್ಟ ಸಾಕು. ಬ್ಲೂ ಕಾರ್ಡ್, ಅಂದ್ರೆ ಉನ್ನತ ಕೌಶಲದ ಕೆಲಸಕ್ಕೆ ಬಂದವರಿಗೆ ಕೊಡೋ ವಾಸದ ಅನುಮತಿ ಇರೋರಿಗೆ ಬಿ1 ಇದ್ರೆ 21 ತಿಂಗಳಿಗೆ ಕಾಯಂ ವಾಸದ ಅನುಮತಿ ಸಿಗಬಹುದು, ಬರೀ ಆರಂಭದ ಎ1 ಮಟ್ಟ ಇದ್ರೆ 27.

ಆಫರ್ ಕೈಗೆ ಬಂದಿರೋರು ಸಂಬಳದ ಮಾತಾಡುವಾಗಲೇ ಭಾಷಾ ಕೋರ್ಸಿನ ಖರ್ಚು ಕೇಳಿ, ಜೊತೆಗೆ ಬರೋರಿಗೂ ಸೇರಿಸಿ ಕೇಳಿ. ಕಂಪನಿ ಒಪ್ಪದಿದ್ರೆ ಫೋಕ್ಸ್‌ಹೋಖ್‌ಶೂಲೆ ಅನ್ನೋ ಊರಿನ ವಯಸ್ಕರ ಶಿಕ್ಷಣ ಕೇಂದ್ರದ ಸಂಜೆ ಕ್ಲಾಸು ಕೈಗೆಟಕುವ ಫೀಸಿನಲ್ಲಿ ಸಿಗುತ್ತೆ. ಸ್ಟುಟ್‌ಗಾರ್ಟ್ ಸುತ್ತಮುತ್ತ ಇರೋರು ಶನಿವಾರ ಒಟ್ಟಿಗೆ ಕೂತು ಜರ್ಮನ್ ಮಾತಾಡಿ ಅಭ್ಯಾಸ ಮಾಡೋದಾದ್ರೆ ಮೆಸೇಜ್ ಮಾಡಿ. ಮಕ್ಕಳನ್ನೂ ಕರ್ಕೊಂಡು ಬನ್ನಿ.