ನಳಿಕೆಗೆ ಆಯುಷ್ಯ, ನಾಲಿಗೆಗೆ ಸಕ್ಕರೆ

ಉಷ್ಣವಲಯದ ಹಣ್ಣಿನ ರಸವನ್ನು ಅಮೃತವೆಂದು ಮಾರಲು ಹಣ್ಣಿಗಿಂತ ಮೊದಲು ಬೇಕಾಗುವುದು ಒಂದು ಭಾರೀ ಸಂಖ್ಯೆ. ಅದಕ್ಕೆ ಓರ್ಯಾಕ್ (ORAC) ಎಂದು ಹೆಸರು; ರಾಡಿಕಲ್‌ಗಳ ಹಾನಿ ತಡೆಯುವ ಆ್ಯಂಟಿಆಕ್ಸಿಡೆಂಟ್ ಶಕ್ತಿಯ ಅಳತೆ ಅದು. ಪಡೆಯುವುದು ಕಷ್ಟವೇನಲ್ಲ. ಪ್ರಯೋಗಾಲಯದ ನಳಿಕೆಯಲ್ಲಿ, ಹೊಳೆಯುವ ಫ್ಲೋರೆಸೀನ್ ಎಂಬ ಬಣ್ಣದ ದ್ರಾವಣಕ್ಕೆ ತೀರಾ ತೆಳು ಮಾಡಿದ ರಸ ಬೆರೆಸಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಹೊಳಪನ್ನು ಕೆಡಿಸುವ ಪೆರಾಕ್ಸಿಲ್ ರಾಡಿಕಲ್ ಎಂಬ ಚುರುಕು ಅಣುಗಳನ್ನು ಛೂ ಬಿಡಬೇಕು. ಹೊಳಪು ಎಷ್ಟು ಹೊತ್ತು ತಾಳಿತೋ ಅಷ್ಟು ಅಂಕ. ನಳಿಕೆಗೆ ಜಠರವಿಲ್ಲ, ಕರುಳಿಲ್ಲ, ಯಕೃತ್ತಂತೂ ಇಲ್ಲವೇ ಇಲ್ಲ. ಹಾಗಾಗಿ ಆ್ಯಂಟಿಆಕ್ಸಿಡೆಂಟಿನ ಪೂರ್ತಿ ಲಾಭ ಅದಕ್ಕೇ.

ಅಮೆರಿಕದ ಕೃಷಿ ಇಲಾಖೆ ಈ ಅಂಕಗಳ ಪಟ್ಟಿಯನ್ನು 2012ರಲ್ಲಿ ತನ್ನ ಜಾಲತಾಣದಿಂದ ಕಿತ್ತುಹಾಕಿತು. ಮಾರುವವರು ಇದನ್ನು ದುರ್ಬಳಕೆ ಮಾಡುತ್ತಿದ್ದಾರೆ, ಅಂಕಕ್ಕೂ ಮೈಯೊಳಗಿನ ಪರಿಣಾಮಕ್ಕೂ ನಂಟು ಕಾಣುತ್ತಿಲ್ಲ ಎಂಬುದು ಕಾರಣ. ಬಾಟಲಿಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಅಂದಹಾಗೆ, ಪಟ್ಟಿಯಲ್ಲಿ ಲವಂಗದ ಪುಡಿ ಹಣ್ಣುಗಳನ್ನೆಲ್ಲ ಎಲ್ಲೋ ಹಿಂದೆ ಬಿಟ್ಟಿತ್ತು. ಅಳತೆ 100 ಗ್ರಾಂ ಲೆಕ್ಕದ್ದು. ಅಂಕದ ಮೇಲೆ ಭಕ್ತಿ ಇರುವವರು ಅಷ್ಟು ಲವಂಗ ಅಗಿದು ನೋಡಬಹುದು.

ಕುಡಿದ ಮೇಲಿನ ಕಥೆಯೇ ಸ್ವಾರಸ್ಯ. ಹಣ್ಣಿನ ಆ್ಯಂಟಿಆಕ್ಸಿಡೆಂಟ್‌ಗಳಾದ ಪಾಲಿಫಿನಾಲ್‌ಗಳಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ. ಸೇರಿದ್ದನ್ನೂ ಯಕೃತ್ತು ಪರಕೀಯವೆಂದು ಗುರುತಿಸಿ, ರೂಪ ಬದಲಿಸಿ, ಮೂತ್ರದ ದಾರಿ ತೋರಿಸುತ್ತದೆ. ಆದರೂ ಹಣ್ಣು ತಿಂದ ಮೇಲೆ ರಕ್ತದ ಆ್ಯಂಟಿಆಕ್ಸಿಡೆಂಟ್ ಅಳತೆ ಏರುತ್ತದಲ್ಲ? ಏರುತ್ತದೆ, ಬಹುಪಾಲು ಯೂರಿಕ್ ಆಮ್ಲದಿಂದ. ಹಣ್ಣಿನ ಸಕ್ಕರೆಯಾದ ಫ್ರಕ್ಟೋಸ್ ಅರಗುವಾಗ ಹುಟ್ಟುವ ಆಮ್ಲ ಅದು. ಗೌಟ್ ಎಂಬ ಕೀಲುರೋಗ ಆದವರು ಯಾವುದನ್ನು ಇಳಿಸಲು ಮಾತ್ರೆ ನುಂಗುತ್ತಾರೋ, ಅದನ್ನೇ ಏರಿಸಿಕೊಳ್ಳಲು ನಾವು ದುಡ್ಡು ಕೊಡುತ್ತೇವೆ.

ಮ್ಯಾಂಗೊಸ್ಟೀನ್ ಹಣ್ಣಿನ ರಸದ ಬಾಟಲಿಯ ಮೇಲೆ ಬಿಳಿ ತೊಳೆಗಳ ಚಿತ್ರ, ಕೆಳಗೆ ಜ್ಯಾಂಥೋನ್ ಎಂಬ ಆ್ಯಂಟಿಆಕ್ಸಿಡೆಂಟ್‌ಗಳ ಗುಣಗಾನ. ಜ್ಯಾಂಥೋನ್‌ಗಳು ಹೆಚ್ಚಾಗಿ ಇರುವುದು ಯಾರೂ ತಿನ್ನದ ಒಗರು ಸಿಪ್ಪೆಯಲ್ಲಿ. ಸಿಪ್ಪೆ ಅರೆದು ಹಾಕಿದರೆ ಬಾಯಿಗಿಡಲಾಗದು. ಆಗ ಸೇಬು, ದ್ರಾಕ್ಷಿ ರಸಗಳು ನೆರವಿಗೆ ಬರುತ್ತವೆ. ಪದಾರ್ಥಗಳ ಪಟ್ಟಿಯನ್ನು ಸಾಮಾನ್ಯವಾಗಿ ತೂಕದ ಇಳಿಕೆ ಕ್ರಮದಲ್ಲಿ ಬರೆಯುತ್ತಾರೆ. ಮೊದಲ ಹೆಸರು ಸೇಬಿನದಾದರೆ ನೀವು ಕುಡಿಯುತ್ತಿರುವುದು ಸೇಬಿನ ರಸ, ಚಿತ್ರ ಮಾತ್ರ ಮ್ಯಾಂಗೊಸ್ಟೀನಿನದು. ಕಾಯಿಸಿದಾಗ ಹೋದ ವಿಟಮಿನ್ ಸಿ ಜಾಗಕ್ಕೆ ಆಸ್ಕಾರ್ಬಿಕ್ ಆಮ್ಲದ (ಅದೇ ವಿಟಮಿನ್ ಸಿ) ಪುಡಿ ಬಿದ್ದರೆ ಓರ್ಯಾಕ್ ಅಂಕವೂ ಏರುತ್ತದೆ. ಹಣ್ಣಿಗೆ ಅಷ್ಟರಮಟ್ಟಿಗೆ ವಿಶ್ರಾಂತಿ.

200 ಮಿಲಿಲೀಟರ್ ರಸದಲ್ಲಿ ಸುಮಾರು 20 ಗ್ರಾಂ, ಅಂದರೆ ಐದು ಚಮಚ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ ರಸದ ಸಕ್ಕರೆಯನ್ನೂ ಮಿತಿಯೊಳಗಿಡಬೇಕಾದ ಸಕ್ಕರೆಯ ಲೆಕ್ಕಕ್ಕೇ ಸೇರಿಸುತ್ತದೆ. 'ಸಕ್ಕರೆ ಸೇರಿಸಿಲ್ಲ' ಎಂಬ ಘೋಷಣೆ ಸುಳ್ಳಲ್ಲ. ಸೇರಿಸುವ ಅಗತ್ಯವೇ ಇರಲಿಲ್ಲ.

ಇನ್ನು ಇಂಥ ರಸಗಳ ಹೆಸರಲ್ಲಿ ಮಾರುವ 'ಕಿಡ್ನಿ ಶುದ್ಧಿ'. ಕಿಡ್ನಿ ಸೋತವರ ಮೈಯಲ್ಲಿ ನೋನಿ ಎಂಬ ಹಣ್ಣಿನ ರಸದ ಪೊಟ್ಯಾಸಿಯಂ ಉಳಿದು ಹೃದಯದ ಬಡಿತವನ್ನೇ ತಪ್ಪಿಸಬಹುದು. ಕಮರಾಕ್ಷಿ (ಸ್ಟಾರ್ ಫ್ರೂಟ್) ರಸ ಅಂಥವರಿಗೆ ಇನ್ನೂ ಕೆಟ್ಟದ್ದು: ಬಿಡದ ಬಿಕ್ಕಳಿಕೆ, ಗೊಂದಲ, ಸೆಳೆತ, ಕೆಲವರಿಗೆ ಸಾವು. ಡಯಾಲಿಸಿಸ್ ಮಾಡಿಸುವವರು ಅದನ್ನು ಒಂದು ಗುಟುಕೂ ಕುಡಿಯಬಾರದು.