ಎಸಿ ಯಾರ ಮುಖಕ್ಕೆ

"ಅಪ್ಪಾಜಿ, ಎಸಿ ಗಾಳಿ ನೇರ ಡಬ್ಬಿ ಮೇಲೆ ಬೀಳ್ತಿದೆ. ಸ್ವಲ್ಪ ನಿಮ್ಮ ಕಡೆ ತಿರುಗಿಸ್ಕೊಳ್ರಿ" ಅಂದಳು ಮಗಳು, ಸ್ಟೇರಿಂಗ್ ಹಿಡಿದುಕೊಂಡೇ ಕನ್ನಡಿಯಲ್ಲಿ ಹಿಂದೆ ನೋಡುತ್ತಾ. ದಾವಣಗೆರೆಯಿಂದ ಬೆಂಗಳೂರಿನ ಮಗಳ ಮನೆಗೆ ಹೊರಟಿದ್ದೆವು, ದಾರಿಯ ಆನಗೋಡು ಇನ್ನೂ ಬಂದಿರಲಿಲ್ಲ. ನೆಗಡಿ ಹಿಡಿದು, ಕಿವಿಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದವನು ನಾನು. ಆದರೆ ಗಾಳಿ ಬಡಿದರೆ ತೊಂದರೆಯಾಗುವುದು ಪಕ್ಕದ ಡಬ್ಬಿಯಲ್ಲಿದ್ದ, ಮಗಳ ಮನೆಯವರು ಸಾಕಿದ ಎರಡು ಗಿನಿಹಂದಿಗಳಿಗೆ. ಹೆಸರಿಗಷ್ಟೇ ಹಂದಿ, ಜಾತಿ ಇಲಿಯದು. ಅವುಗಳ ಶ್ವಾಸಕೋಶ ಬಹಳ ಸೂಕ್ಷ್ಮವಂತೆ. ನನ್ನದು ಬ್ಯಾಂಕಿನ ಲೆಡ್ಜರುಗಳ ಧೂಳು ಕುಡಿದು ಗಟ್ಟಿಯಾದದ್ದು. ತಿರುಗಿಸಿಕೊಂಡೆ.

ಮೊಮ್ಮಗಳ ಬೇಸಿಗೆ ರಜೆ ಮುಗಿಯುತ್ತಾ ಬಂದಿತ್ತು. "ನೀವಿಬ್ರೂ ಬನ್ನಿ, ನಾಲ್ಕು ದಿನ ಇದ್ದು ಬರೋರಂತೆ" ಅಂತ ಮಗಳು ಕರೆದಾಗ, ಪಾಪ, ಹೆತ್ತವರ ಮೇಲೆ ಎಷ್ಟು ಪ್ರೀತಿ ಅಂದುಕೊಂಡಿದ್ದೆ. ಡಬ್ಬಿಯ ಪಕ್ಕ ಕೂರಲು ಒಬ್ಬ ದೊಡ್ಡವರು ಬೇಕಾಗಿತ್ತು ಅನ್ನುವುದು ಹೊರಡುವ ಹೊತ್ತಿಗೆ ತಿಳಿಯಿತು. ನಮ್ಮ ಮನೆಯವಳಿಗೆ ಆ ಕೆಲಸ ಹೇಳುವಂತಿಲ್ಲ. ಕಾರು ಹತ್ತಿದರೆ ಅವಳಿಗೆ ವಾಂತಿ. ನಿಂಬೆಹಣ್ಣು ಮೂಸುತ್ತಾ ಮುಂದಿನ ಸೀಟಿನಲ್ಲೇ ಕೂರಬೇಕು. ಗಿನಿಹಂದಿಗೆ ಆ ತಾಪತ್ರಯವಿಲ್ಲ. ಅದಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ಹೊಟ್ಟೆಗೆ ಹೋದದ್ದು ಮುಂದಕ್ಕೇ ಸಾಗಬೇಕು. ಅರ್ಧ ದಿನ ಏನೂ ತಿನ್ನದೆ ಕೂತಿತೋ, ಕರುಳಿನ ಓಡಾಟ ನಿಂತು ಪ್ರಾಣಕ್ಕೇ ಸಂಚಕಾರ. ಹಾಗಾಗಿ ಡಬ್ಬಿಯಲ್ಲಿ ಒಣಹುಲ್ಲು ಯಾವಾಗಲೂ ಇರಬೇಕು. ಮುಗಿದರೆ ತುಂಬುವುದು ನನ್ನ ಡ್ಯೂಟಿ. ಆ ಹುಲ್ಲೂ ಸಾಮಾನ್ಯದ್ದಲ್ಲ, ಟಿಮೊಥಿ ಹುಲ್ಲು, ಆನ್‌ಲೈನಿನಲ್ಲಿ ತರಿಸಿದ್ದು. ಅದರ ಕಿಲೋ ರೇಟು ಕೇಳಿ ನಾನು ಅಕ್ಕಿಯ ರೇಟಿನ ಬಗ್ಗೆ ಗೊಣಗುವುದನ್ನು ಬಿಟ್ಟಿದ್ದೇನೆ. ಇದರ ಮೇಲೆ, ಗಣಪತಿಗೆಂದು ಹಿತ್ತಲಿನಲ್ಲಿ ಬೆಳೆಸಿದ್ದ ಗರಿಕೆಯನ್ನೂ ರಜೆಯಲ್ಲಿ ಬೋಳಿಸಿ ಮುಗಿಸಿದ್ದವು. ಈ ಸಲದ ಚೌತಿಗೆ ಗರಿಕೆ ಪೇಟೆಯಿಂದಲೇ ಬರಬೇಕು.

ಹೊರಟದ್ದು ಬೆಳಗಿನ ನಾಲ್ಕೂವರೆಗೆ. 260 ಕಿಲೋಮೀಟರಿಗೆ ಯಾಕಮ್ಮಾ ಇಷ್ಟು ಗಡಿಬಿಡಿ ಅಂದರೆ, ಬಿಸಿಲೇರುವ ಮೊದಲು ತುಮಕೂರು ದಾಟಬೇಕಂತೆ. ಗಿನಿಹಂದಿಗೆ ಬೆವರುವುದು ಗೊತ್ತಿಲ್ಲ. 20ರಿಂದ 24 ಡಿಗ್ರಿ ಇದ್ದರೆ ಸುಖವಾಗಿರುತ್ತದೆ, 30ರ ಹತ್ತಿರ ಬಂದರೆ ಏದುಸಿರು. ಅದರ ಮೂಲ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳು. ಅಲ್ಲಿನವರು ಸಾವಿರಾರು ವರ್ಷಗಳಿಂದ ಅದನ್ನು ಸಾಕಿಕೊಂಡು ಬಂದಿದ್ದಾರೆ, ಸಾಕಿದ್ದು ತಿನ್ನುವುದಕ್ಕೆ. ಇದನ್ನು ಜ್ಞಾನವೃದ್ಧಿಗೆಂದು ಹೇಳಿದ್ದೇ ತಪ್ಪಾಯಿತು. ಮೊಮ್ಮಗಳು ಭರಮಸಾಗರದವರೆಗೆ ನನ್ನ ಜೊತೆ ಮಾತು ಬಿಟ್ಟಳು. ಮಾತು ಬಿಟ್ಟದ್ದಕ್ಕೆ ಬೇಜಾರಿಲ್ಲ. ಬೇಜಾರಾದದ್ದು ದೋಸೆಗೆ. ನಾಲ್ಕೂವರೆಗೆ ದಾವಣಗೆರೆಯ ಯಾವ ಹೋಟೆಲಿನ ಕಾವಲಿಯೂ ಕಾದಿರುವುದಿಲ್ಲ. ಊರು ಬಿಡುವ ದಿನ ಬೆಣ್ಣೆ ದೋಸೆ ತಿನ್ನದೆ ಹೊರಡುವುದೆಂದರೆ ಏನು ಅನ್ನುವುದು ನಮ್ಮೂರವರಿಗೆ ಮಾತ್ರ ಅರ್ಥವಾದೀತು.

ಚಿತ್ರದುರ್ಗ ಹತ್ತಿರವಾಗಿ, ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುವಷ್ಟು ಬೆಳಕಾಗಿತ್ತು. ಹಸಿವಾಯಿತೆಂದು ನಮ್ಮ ಮನೆಯವಳು ಕಾಲಬುಡದಲ್ಲಿದ್ದ ಪ್ಲಾಸ್ಟಿಕ್ ಕವರಿನ ಗಂಟು ಬಿಚ್ಚಿದಳು. ಪರಪರ ಅಂತ ಸದ್ದಾದದ್ದೇ ತಡ, ಡಬ್ಬಿಯೊಳಗಿಂದ "ಕುಯ್ಯ್! ಕುಯ್ಯ್!" ಅಂತ ಎರಡೂ ಒಟ್ಟಿಗೆ ಕೂಗು ಹಾಕಿದವು. ಕವರಿನ ಸದ್ದೆಂದರೆ ಸೊಪ್ಪು ಬಂತು ಅಂತ ಅವುಗಳ ಲೆಕ್ಕ. ಅಷ್ಟು ಸಣ್ಣ ಗಂಟಲಿನಿಂದ ಅಂಥ ಸಿಳ್ಳೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಮಗಳು ಬ್ರೇಕ್ ಒತ್ತಿದಳು. "ಅಮ್ಮಾ, ಕವರ್ ಮುಟ್ಟಬೇಡ!" ಆದರೆ ಕವರಿನಲ್ಲಿದ್ದದ್ದು ಸೊಪ್ಪಲ್ಲ, ಮಂಡಕ್ಕಿ.

ಮಂಡಕ್ಕಿಯ ವಿಷಯ ಬಂತು, ಹೇಳಿಯೇ ಮುಂದೆ ಹೋಗುತ್ತೇನೆ. ದಾವಣಗೆರೆಯವರು ಬೆಂಗಳೂರಿಗೆ ಬರಿಗೈಯಲ್ಲಿ ಹೋಗುವುದಿಲ್ಲ. ಬೀಗರಿಗೆ ಒಂದು ಕವರು, ಎದುರು ಫ್ಲ್ಯಾಟಿನವರಿಗೆ ಒಂದು, ಅಳಿಯನ ಆಫೀಸಿನವರಿಗೆ ಒಂದು, ವಾಚ್‌ಮನ್‌ಗೆ ಒಂದು ಅಂತ ಲೆಕ್ಕ ಹಾಕಿ ನಮ್ಮಾಕೆ ಚೀಲಗಟ್ಟಲೆ ತುಂಬಿಸುತ್ತಾಳೆ. ಅದಕ್ಕೆ ತೂಕವಿಲ್ಲ, ಆದರೆ ಜಾಗವೆಲ್ಲ ಅದಕ್ಕೇ ಬೇಕು. ಮೇಲೆ ಸೂಟ್‌ಕೇಸ್ ಇಟ್ಟರೆ ಪುಡಿ. ಹೀಗಾಗಿ ಡಿಕ್ಕಿಯಲ್ಲಿ ಮಂಡಕ್ಕಿ ಆರಾಮಾಗಿ ಕಾಲು ಚಾಚಿಕೊಂಡಿತ್ತು. ಸೂಟ್‌ಕೇಸ್ ನನ್ನ ಕಾಲ ಕೆಳಗೆ ಬಂದಿತ್ತು. ಅಂಗಡಿಯ ಪ್ಯಾಕೆಟ್ ಆಗದು ಅವಳಿಗೆ, ಭಟ್ಟಿಯಿಂದಲೇ ಬರಬೇಕು. ಅದರಲ್ಲಿ ನಾನೂ ಅವಳ ಪಕ್ಷ. ಚಿಕ್ಕಂದಿನಲ್ಲಿ ಅಪ್ಪ ಬಟ್ಟೆಚೀಲ ಕೊಟ್ಟು ಭಟ್ಟಿಗೆ ಕಳಿಸುತ್ತಿದ್ದರು. ಉರಿಯುವ ಒಲೆ, ಅದರ ಮೇಲೆ ಬಾಣಲಿಯಲ್ಲಿ ಕಾದ ಮರಳು, ಬೆವರಿಳಿಸುತ್ತಾ ನಿಂತ ಮನುಷ್ಯ. ಉಪ್ಪು ಹಿಡಿಸಿದ ಅಕ್ಕಿ ಮರಳಿಗೆ ಬಿದ್ದು, ಕೈಯಾಡಿಸಿ ಕಣ್ಣು ಮಿಟುಕಿಸುವುದರೊಳಗೆ ಬೆಳ್ಳಗೆ ಅರಳಿಬಿಡುತ್ತಿತ್ತು. ಜರಡಿಗೆ ಸುರಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಮನೆ ಮುಟ್ಟುವಷ್ಟರಲ್ಲಿ ಚೀಲ ಕಾಲುಭಾಗ ಖಾಲಿ. ಭಟ್ಟಿಯವನು ಕಡಿಮೆ ಅಳೆದ ಅಂತ ಅಪ್ಪ ಪ್ರತಿ ಸಲ ಅವನನ್ನು ಬೈಯುತ್ತಿದ್ದರು, ನಾನು ಪ್ರತಿ ಸಲ ಹೌದು ಅನ್ನುತ್ತಿದ್ದೆ.

ಮಂಡಕ್ಕಿ ತಿನ್ನುವುದಕ್ಕೆ ಒಂದು ಕ್ರಮವಿದೆ. ಒಗ್ಗರಣೆ, ಖಾರ, ಈರುಳ್ಳಿ, ಪಕ್ಕದಲ್ಲಿ ಬಿಸಿ ಮಿರ್ಚಿ. ಕಲಸಿದ ಕೂಡಲೇ ಬಾಯಿಗೆ ಹೋಗಬೇಕು. ಮಾತಾಡುತ್ತಾ ಕೂತವರ ಮಂಡಕ್ಕಿ ಮೆತ್ತಗಾದರೆ ಅದು ಅವರ ಪ್ರಾರಬ್ಧ. ಬೆಂಗಳೂರಿನಲ್ಲಿ ಇದಕ್ಕೆ ಕ್ಯಾರೆಟ್ ತುರಿದು ಹಾಕುತ್ತಾರೆ. ಕ್ಯಾರೆಟ್! ಹಾಕಿದ ಮೇಲೆ ಚಮಚವನ್ನೂ ಕೊಡುತ್ತಾರೆ. ಮಂಡಕ್ಕಿಯನ್ನು ಚಮಚದಲ್ಲಿ ತಿನ್ನುವವರ ಮನೆಯಲ್ಲಿ ನಾನು ನೀರೂ ಕುಡಿಯುವುದಿಲ್ಲ. ನಮ್ಮ ಅಳಿಯ ಚಮಚದಲ್ಲೇ ತಿನ್ನುತ್ತಾನೆ. ಅಲ್ಲಿ ಕುಡಿಯುತ್ತೇನೆ, ಅದು ಬೇರೆ ಮಾತು. ಒಮ್ಮೆ ಅವರ ಅಪಾರ್ಟ್‌ಮೆಂಟಿನಲ್ಲಿ ಯಾರೋ ನಾವು ಒಯ್ದ ಮಂಡಕ್ಕಿಯನ್ನು ಹಾಲಿಗೆ ಹಾಕಿಕೊಂಡು ತಿಂದು, "ತುಂಬಾ ಲೈಟ್ ಆಗಿದೆ ಅಂಕಲ್" ಅಂದರು. ಅವರ ಹೆಸರಿನ ಕವರು ಅಂದಿನಿಂದ ಬಂದ್. ಈ ವಿಷಯದಲ್ಲಿ ನಾನು ಉದಾರಿಯಲ್ಲ, ಆಗುವ ಯೋಚನೆಯೂ ಇಲ್ಲ.

ಎಲ್ಲಿದ್ದೆ? ಡಬ್ಬಿಯವು ಕೂಗುತ್ತಲೇ ಇದ್ದವು. ಅಜ್ಜಿಯ ಕರುಳು ಚುರುಕ್ ಅಂದಿತು. "ಒಂದೆರಡು ಮಂಡಕ್ಕಿ ಹಾಕಿದ್ರೆ ಏನಾಗುತ್ತೆ?" ಅಂತ ಹಿಂದಕ್ಕೆ ಕೈ ಚಾಚಿದಳು. ಮೊಮ್ಮಗಳು ಆ ಕೈಯನ್ನು ಗಾಳಿಯಲ್ಲೇ ಹಿಡಿದಳು. ಮಂಡಕ್ಕಿ, ಬಿಸ್ಕತ್ತು, ಬ್ರೆಡ್ಡು ಏನೂ ಆಗದಂತೆ, ಹೊಟ್ಟೆ ಉಬ್ಬರಿಸುತ್ತದಂತೆ. ಕ್ಯಾರೆಟ್ ಕೂಡ ಸಿಹಿ ಜಾಸ್ತಿ ಅಂತ ಅಪರೂಪಕ್ಕೆ ಒಂದು ಚೂರು. ಗಿನಿಹಂದಿಗೇ ಮಿತಿಯಲ್ಲಿ ಕೊಡುವ ಕ್ಯಾರೆಟ್ಟನ್ನು ಮನುಷ್ಯರು ಮಂಡಕ್ಕಿಗೆ ಸುರಿಯುತ್ತಾರಲ್ಲ ಅಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹಿರಿಯೂರಿನಲ್ಲಿ ತಿಂಡಿಗೆ ನಿಲ್ಲಿಸಿದೆವು. ಅಲ್ಲಿಂದ ಮೊಮ್ಮಗಳನ್ನು ಮಾರಿಕಣಿವೆಗೆ ಕರೆದೊಯ್ಯುವ ಆಸೆ ನನಗೆ ಬಹಳ ದಿನದ್ದು. 1933ರಲ್ಲಿ ಕೋಡಿ ಬಿದ್ದ ಅಲ್ಲಿನ ವಾಣಿ ವಿಲಾಸ ಸಾಗರ ಅಣೆಕಟ್ಟು ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ನಾನೂ ಒಂದು ತಾಸು ಕಾಯಿಸಿದರೆ ತಪ್ಪೇನು ಅಂತ ವಾದಿಸಿ ನೋಡಿದೆ. "ಬಿಸಿಲು, ಅಪ್ಪಾಜಿ" ಅನ್ನುವ ಒಂದೇ ಮಾತಿಗೆ ಅಣೆಕಟ್ಟು ಕೈಬಿಟ್ಟಿತು. ಕೈಬಿಟ್ಟದ್ದು ಅದೊಂದೇ ಅಲ್ಲ. ನಿಂತ ಕಾರಿನ ಗಾಜು ಮುಚ್ಚಿದರೆ ಹತ್ತೇ ನಿಮಿಷದಲ್ಲಿ ಒಳಗೆ ಧಗೆ, ಹಾಗಾಗಿ ಅವನ್ನು ಬಿಟ್ಟು ಹೋಗುವಂತಿಲ್ಲ. ಹೋಟೆಲಿನವರು ಒಳಗೆ ಬಿಡುವುದಿಲ್ಲ. ಒಬ್ಬರು ಎಸಿ ಹಾಕಿಕೊಂಡು ಕಾರಿನಲ್ಲೇ ಇರಬೇಕು. ಆ ಒಬ್ಬರು ಯಾರು ಅಂತ ಚರ್ಚೆಯೇ ಆಗಲಿಲ್ಲ.

ಡಬ್ಬಿಗೆ ಅರ್ಧ ಹೊದಿಸಿದ್ದ ಟವೆಲ್ ಸರಿಸಿ ನೋಡಿದೆ. ಡಬ್ಬಿ ಚಿಕ್ಕದು, ಬೇಕೆಂದೇ ಚಿಕ್ಕದು. ದೊಡ್ಡ ಪಂಜರದಲ್ಲಿಟ್ಟರೆ ಬ್ರೇಕ್ ಹಾಕಿದಾಗೆಲ್ಲ ಆ ಮೂಲೆಯಿಂದ ಈ ಮೂಲೆಗೆ ಬೀಳುತ್ತವೆ. ಸೀಟ್‌ಬೆಲ್ಟನ್ನೂ ಅದಕ್ಕೆ ಬಿಗಿದಿದ್ದರು. ಒಂದು ಬೆಣ್ಣೆ ಬಣ್ಣದ್ದು, ಒಂದು ಕೆಂಚು. ಮೈಗೆ ಮೈ ಒತ್ತಿ ಕೂತಿದ್ದವು. ಒಂದೊಂದನ್ನೇ ಸಾಗಿಸಿದರೆ ದಿಗಿಲು ಬೀಳುತ್ತವೆ, ಜೊತೆಯಿದ್ದರೆ ಧೈರ್ಯ. ನೀರಿನ ಬಾಟಲಿ ಅಲುಗಾಟಕ್ಕೆ ಸೋರಿ ಹಾಸಿಗೆ ಒದ್ದೆಯಾಗುತ್ತದೆ ಅಂತ ದಾರಿಯಲ್ಲಿ ಸೌತೆಕಾಯಿಯೇ ನೀರು. ಒಂದು ಬಿಲ್ಲೆ ಹಾಕಿದೆ. ಕೆಂಚು ಅದರ ಅಂಚು ಕಚ್ಚಿ ಹಿಂದಕ್ಕೆ ಎಳೆದುಕೊಂಡು ಹೋಗಿ, ದವಡೆಯನ್ನು ಕರಕರ ಆಡಿಸುತ್ತಾ, ತಿರುಳು ಮುಗಿಸಿ ಸಿಪ್ಪೆಗೆ ಬಂತು. ಒಂದು ಬೀಜ ಮೀಸೆಗೆ ಅಂಟಿತ್ತು. ಹಸಿರು ದೊಣ್ಣೆಮೆಣಸಿನಕಾಯಿಯ ಚೂರನ್ನೂ ಕೊಟ್ಟೆ. ಅದು ಸಿ ವಿಟಮಿನ್ನಿಗೆ. ಬೇರೆ ಬಹಳಷ್ಟು ಪ್ರಾಣಿಗಳು ಅದನ್ನು ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ಗಿನಿಹಂದಿಗೂ ಮನುಷ್ಯನಿಗೂ ಆಗದು. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಅನ್ನುವವರು ಗಿನಿಹಂದಿಗಳಿಗೆ ಬರೀ ಕಾಳು ತಿನ್ನಿಸಿ, ಆ ವಿಟಮಿನ್ ಸಾಲದೆ ನಾವಿಕರಿಗೆ ಬರುತ್ತಿದ್ದ ಸ್ಕರ್ವಿ ರೋಗ ಅವಕ್ಕೂ ಬರುವುದನ್ನು ತೋರಿಸಿದರು. ಕೊರತೆ ಇಬ್ಬರದೂ ಒಂದೇ. ಆದರೆ ಹಿರಿಯೂರಿನ ಆ ಬೆಳಿಗ್ಗೆ ತಾಜಾ ತರಕಾರಿ ಅವಕ್ಕೆ, ನನಗೆ ಅರ್ಧ ಗಂಟೆಯ ಮೇಲೆ ಬಂದ ಪಾರ್ಸೆಲ್ ಇಡ್ಲಿ, ಚಟ್ನಿ ಸೋರಿದ್ದು. ನಡುವೆ ಗಾಜಿನಲ್ಲಿ ಇಣುಕಿದವನೊಬ್ಬ "ಏನ್ಸಾರ್, ಇಲಿ ಹಿಡ್ಕೊಂಡ್ ಹೊಂಟೀರಿ?" ಅಂದ. ಹೌದಪ್ಪಾ, ಬೆಂಗಳೂರಿನಲ್ಲಿ ಇಲಿಗೆ ಬರ ಅಂದೆ.

ಇದೇ ಮಗಳನ್ನು ಚಿಕ್ಕವಳಿದ್ದಾಗ ಉಕ್ಕಡಗಾತ್ರಿ ಅಜ್ಜಯ್ಯನ ಸನ್ನಿಧಿಗೆ ಕರೆದೊಯ್ದದ್ದು ಮೆಟಡೋರ್‌ನಲ್ಲಿ, ದಾಸೋಹದ ಅಕ್ಕಿಮೂಟೆಯ ಮೇಲೆ ಕೂರಿಸಿ. ಹುಲ್ಲು, ಟವೆಲ್, ಡಿಗ್ರಿ ಯಾವುದೂ ಇರಲಿಲ್ಲ. ದಾರಿಯುದ್ದಕ್ಕೂ ಹಾಡಿಕೊಂಡು ಬಂದಿದ್ದಳು. ಶಿರಾ ದಾಟುವಾಗ ಇದರಿಂದ ನನಗೊಂದು ದೊಡ್ಡ ವಿಚಾರವೇ ಹೊಳೆಯಿತು, ಸುಖ ಅಂದರೆ ಏನು, ಅದನ್ನು ಯಾರು ಯಾರಿಗೆ ಕೊಡಬಲ್ಲರು ಅನ್ನುವಂಥದ್ದು. ಹೇಳಲು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಟೋಲ್ ಬಂತು, ಫಾಸ್ಟ್ಯಾಗ್ ಓದಲಿಲ್ಲ, ಹಿಂದಿನ ಲಾರಿಯವನು ಹಾರ್ನ್ ಒತ್ತಿದ, ಡಬ್ಬಿಯವು ಹೆದರಿ ಹುಲ್ಲಿನಡಿ ಸೇರಿದವು. "ಅಪ್ಪಾಜಿ, ಟವೆಲ್ ಪೂರ್ತಿ ಮುಚ್ರಿ!" ಮುಚ್ಚಿದೆ. ವಿಚಾರ ಆಮೇಲೆ ಎಷ್ಟು ತಡಕಿದರೂ ಸಿಗಲಿಲ್ಲ.

ಬೆಂಗಳೂರು ಮುಟ್ಟಿದಾಗ ಅಳಿಯ ಲಿಫ್ಟಿನ ಹತ್ತಿರವೇ ನಿಂತಿದ್ದ. ನನ್ನ ಕೈಯಿಂದ ಡಬ್ಬಿ ಇಸಿದುಕೊಂಡು ಕೇಳಿದ ಮೊದಲ ಮಾತು, "ದಾರೀಲಿ ಹಿಕ್ಕೆ ಸರಿಯಾಗಿ ಹಾಕಿದ್ವಾ ಮಾವ?" ಹೊಟ್ಟೆ ಸರಿಯಿದೆ ಅನ್ನುವುದಕ್ಕೆ ಅದೇ ಗುರುತಂತೆ. ಹಾಕಿವೆ, ಧಾರಾಳವಾಗಿ ಹಾಕಿವೆ ಅಂದೆ. ಒಳಗೆ ಬಂದು, ಪ್ರಯಾಣದಲ್ಲಿ ಯಾವಾಗಲೂ ಕಟ್ಟಿಕೊಳ್ಳುವ ನನ್ನ ಹೊಟ್ಟೆಯ ಬಗ್ಗೆ ಒಬ್ಬರೂ ವಿಚಾರಿಸಲಿಲ್ಲವಲ್ಲ ಅಂತ ನಮ್ಮ ಮನೆಯವಳ ಹತ್ತಿರ ಅಲವತ್ತುಕೊಂಡೆ. ಅವಳು ಕವರುಗಳನ್ನು ಎಣಿಸುತ್ತಿದ್ದಳು.

"ಕೇಳ್ದೇ ಇದ್ದದ್ದು ಒಳ್ಳೇದಾಯ್ತು ಬಿಡ್ರಿ" ಅಂದಳು. "ಕೇಳಿದ್ರೆ ಹರಿಹರದಿಂದ ಶುರು ಮಾಡ್ತಿದ್ರಿ."